ರಕ್ತದ ನೆಪ

ಹಿಮ ಸುರಿದ ಮರುದಿನ ಬೆನಾಸೆರ್ ದೇವದಾರು ಕಾಡಿಗೆ ಹೋದದ್ದು ಒಂದು ಮಂಗನ ಹೆಣ ಹುಡುಕಲು. ಜೊತೆಗೆ ರಾಜಧಾನಿ ರಬಾತಿನಿಂದ ಬಂದ ಸಂಶೋಧಕಿ ಇಖ್ಲಾಸ್ ಇದ್ದಳು. ಅವಳಿಗೆ ಕಾಡಿನ ದಾರಿ ತೋರಿಸುವುದು ಅವನ ಕೆಲಸ.

ಆ ಮಂಗ ಗುಂಪಿನಲ್ಲಿದ್ದೂ ಒಂಟಿ. ಯಾರ ಹೇನನ್ನೂ ಹೆಕ್ಕದು, ಯಾರ ಪಕ್ಕದಲ್ಲೂ ಕೂರದು. ಅದರ ಕೂದಲು ಪರೀಕ್ಷಿಸಿದ್ದ ಇಖ್ಲಾಸ್, ವಂಶವಾಹಿಯಲ್ಲೇ ಸಣ್ಣದೊಂದು ವ್ಯತ್ಯಾಸವಿದೆ, ಬೆರೆಯುವುದು ಅದಕ್ಕೆ ಕಷ್ಟವಾಗಲು ಅದೂ ಕಾರಣವಿರಬಹುದು, ಸ್ನೇಹವಿಲ್ಲದ ಮಂಗ ಹಿಮಗಾಲ ದಾಟುವುದು ಅಪರೂಪ ಎಂದಿದ್ದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೆನಾಸೆರ್ ಆ 'ಇರಬಹುದು' ಎಂಬುದನ್ನು ಕಾಡಿನಲ್ಲೇ ಬಿಟ್ಟು, ಉಳಿದದ್ದನ್ನು ಮನೆಗೆ ತಂದಿದ್ದ.

ಮನೆಯಲ್ಲಿ ಹೆಂಡತಿ ಯಾಮ್ನಾ ಪಟ್ಟು ಹಿಡಿದಿದ್ದಳು. ಹುಲ್ಲುಗಾವಲಿನ ಜಗಳದಲ್ಲಿ ಮಾತು ಬಿಟ್ಟ ನಿನ್ನ ಅಣ್ಣ ಇದ್ರೀಸ್ ಈಗ ಹಾಸಿಗೆ ಹಿಡಿದಿದ್ದಾನೆ, ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ರಾಜಿಯಾಗಿ ಬಾ ಎಂದು. ಕೂಸು ಎತ್ತಿಕೊಂಡು ಬಂದವನನ್ನು ನಮ್ಮ ಬೆಟ್ಟದಲ್ಲಿ ಎಂಥ ಹಗೆಯೂ ಹೊರಗೆ ನಿಲ್ಲಿಸುವುದಿಲ್ಲ.

"ನಮ್ಮಪ್ಪನೂ ಯಾರ ಬಾಗಿಲೂ ತುಳೀಲಿಲ್ಲ ಕಣೇ. ರಕ್ತದಲ್ಲೇ ಬಂದಿದ್ದು ಇದು. ಓದಿದವರೇ ಹೇಳ್ತಾರೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಅವಳು ಹಿಟ್ಟು ನಾದತೊಡಗಿದ್ದಳು.

ಕಾಡಿನಲ್ಲಿ ಹೆಣ ಸಿಗಲಿಲ್ಲ. ದೊಡ್ಡ ಕೊಂಬೆಯೊಂದರ ಮೇಲೆ ಮಂಗಗಳೆಲ್ಲ ಚಳಿಗೆ ಒಂದಕ್ಕೊಂದು ಅಂಟಿ ಕೂತಿದ್ದವು. ಅವುಗಳ ನಡುವೆ ಆ ಒಂಟಿ ಮಂಗ, ಎದೆಗೆ ಯಾರದೋ ಮರಿಯನ್ನು ಅವುಚಿಕೊಂಡು ಬೆಚ್ಚಗಿತ್ತು.

"ಮರಿ ಎತ್ಕೊಂಡು ಬಂದಿದೆ ನೋಡಿ ಯಜಮಾನ್ರೇ, ಅದಕ್ಕೇ ಜಾಗ ಬಿಟ್ಟಿದಾವೆ," ಎಂದಳು ಇಖ್ಲಾಸ್. "ನಾನು ಕಷ್ಟ ಅಂದಿದ್ದೆ. ಆಗೋದೇ ಇಲ್ಲ ಅಂದಿರ್ಲಿಲ್ಲ."

ಬೆನಾಸೆರ್‌ಗೆ ನಾಚಿಕೆಯಾಯಿತು. ನೇರ ಮನೆಗೆ ಬಂದವನೇ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಅಣ್ಣನ ಮನೆಗೆ ನಡೆದ. ಅಲ್ಲಿ ಬಾಗಿಲು ಹಾರುಹೊಡೆದಿತ್ತು. ಹೊರಗೆ ಹಿಮದ ಮೇಲೆ ಊರವರ ಬೂಟುಗಳು, ಒಳಗೆ ಹೆಂಗಸರ ಅಳು.

ಅಣ್ಣನ ಮಗ ಸಯೀದ್ ತನ್ನ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದ.

"ಬೆಳಿಗ್ಗೆ ಅಪ್ಪ ಇವನನ್ನ ಎತ್ಕೊಂಡು ನಿಮ್ಮನೆಗೇ ಹೊರಟಿದ್ರು, ಚಿಕ್ಕಪ್ಪ. ಬೇಡ ಅಂದ್ರೂ ಕೇಳ್ಲಿಲ್ಲ. ಅಂಗಳ ದಾಟೋಕಾಗ್ಲಿಲ್ಲ."

ಅಜ್ಜ ಕಟ್ಟಿದ್ದ ಉಣ್ಣೆಯ ಟೋಪಿಯನ್ನು ಕೂಸಿನ ತಲೆಯಿಂದ ಇನ್ನೂ ಯಾರೂ ಬಿಚ್ಚಿರಲಿಲ್ಲ.