ಆರು ಮೀಟರ್ ಆಳದಲ್ಲಿ ಒಂದು ಗೋವಿಂದ

ಒಂದೆರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮುಗಿಸುವ ಹೊತ್ತಿಗೆ ನೀವೂ ಒಮ್ಮೆ ಉದ್ದಕ್ಕೆ ಉಸಿರು ಬಿಡುತ್ತೀರಿ, ಅದಕ್ಕೆ ನಾನು ಗ್ಯಾರಂಟಿ.

ಮಧುಗಿರಿ ಕಡೆಯ ಹುಡುಗಿ ಸಿಂಚನಾ. ಹವಳದ ಬಗ್ಗೆ ಓದಲು ಸ್ಕಾಲರ್‌ಶಿಪ್ ಸಿಕ್ಕಿ, ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದಳು.

ಓದಿನಲ್ಲಿ ಕ್ಲಾಸಿಗೇ ಮುಂದು. ಬೆಟ್ಟ ಹತ್ತುವುದರಲ್ಲಂತೂ ಕೇಳಲೇಬೇಡಿ!

ಆದರೆ ನೀರು ಅಂದರೆ ಮಾರು ದೂರ ಓಡುತ್ತಿದ್ದಳು...

ಹವಳ ಇರುವುದೇ ಸಮುದ್ರದೊಳಗೆ. ಸ್ಕೂಬಾ ಡೈವಿಂಗ್ ಪಾಸಾಗದವರಿಗೆ ಆ ಕೋರ್ಸಿನಲ್ಲಿ ಜಾಗವಿಲ್ಲ. ಸಿಂಚನಾ ಮೂರು ಸಲ ಫೇಲಾಗಿದ್ದಳು.

ಉಳಿದಿದ್ದು ಒಂದೇ ಚಾನ್ಸು, ಸೋಮವಾರ ಬೆಳಿಗ್ಗೆ. ಅದೂ ಹೋದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರುವುದೇ.

ಅವಳು ಎಡವುತ್ತಿದ್ದದ್ದು ಒಂದೇ ಕಡೆ. ನೀರೊಳಗೆ ಕೂತು, ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಳ್ಳಬೇಕು. ಆಮೇಲೆ ಬಾಯಲ್ಲಿರುವ ಪೈಪಿನಿಂದ ಉಸಿರು ಎಳೆದು, ಮೂಗಿನಿಂದ ಜೋರಾಗಿ ಬಿಟ್ಟು, ಆ ನೀರನ್ನು ಹೊರಗೆ ತಳ್ಳಬೇಕು. ಇಷ್ಟೇ.

ಆದರೆ ಮೂಗಿಗೆ ನೀರು ಸೋಕಿದ್ದೇ ತಡ, ಇವಳು ಮಾಸ್ಕಿನ ಮೇಲಿಂದಲೇ ಎರಡು ಬೆರಳಲ್ಲಿ ಮೂಗು ಹಿಡಿದು, ಉಸಿರು ಕಟ್ಟಿ ಕೂತುಬಿಡುತ್ತಿದ್ದಳು! ನೀರು ಒಳಗೇ ಉಳಿಯುತ್ತಿತ್ತು. ಗಾಬರಿಯಾಗಿ ಮೇಲಕ್ಕೆ ನುಗ್ಗುತ್ತಿದ್ದಳು.

ಅವಳದೇನು ತಪ್ಪು ಹೇಳಿ? ಚಿಕ್ಕಂದಿನಿಂದ ಕಲ್ಯಾಣಿಯಲ್ಲಿ ಅಜ್ಜಿ ಕಲಿಸಿದ್ದೇ ಅದು... ಮೂಗು ಹಿಡಿ, ಮೂರು ಮುಳುಗು ಹಾಕು, ಮೇಲೆ ಬಾ.

ಫೋನಿನಲ್ಲಿ ಅಮ್ಮ ಬೇರೆ, “ಮೂಗು ಬಿಗಿಯಾಗಿ ಹಿಡ್ಕೊಳೇ ಸಿಂಚು, ನೀರು ಹೋಗ್ಬಿಟ್ಟಾತು!” ಎನ್ನುತ್ತಿದ್ದರು.

ಡೈವಿಂಗ್ ಕಲಿಸುತ್ತಿದ್ದವರು ನಮ್ಮ ಹೊನ್ನಾವರದ ಗಣಪತಿ ಹರಿಕಂತ್ರ. ಮೀನುಗಾರರ ಮನೆಯವರು, ಹನ್ನೆರಡು ವರ್ಷದಿಂದ ಆ ದ್ವೀಪದಲ್ಲೇ ಕೆಲಸ. ಸಿಂಚನಾಗೆ ಅವರು ಗಣಪಣ್ಣ.

“ಎಂತ ಮಾರಾಯ್ತಿ, ಮೂಗು ಬಿಡು ಅಂದ್ರೆ ಬಿಡುದೇ ಇಲ್ಲ! ನೀನು ಬಂದದ್ದು ಓದುಕೋ, ತೀರ್ಥಸ್ನಾನಕ್ಕೋ?”

ಅವರು ನಗಿಸಲು ನೋಡಿದರು. ಅವಳು ಅತ್ತೇಬಿಟ್ಟಳು.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಕ್ಲಾಸಿನವರೆಲ್ಲ ದ್ವೀಪದ ನಡುವಿನ ದೊಡ್ಡ ಬೆಟ್ಟಕ್ಕೆ ಹೊರಟರು. ಸಿಂಚನಾ ಗಣಪಣ್ಣನನ್ನೂ ಕರೆದಳು.

ಮೊಣಕಾಲು ನೋವು, ಬಟ್ಟೆ ಒಗೆಯುವುದಿದೆ... ಅವರು ಏನೇನೋ ನೆಪ ಹೇಳಿದರು.

“ಬನ್ನಿ ಅಣ್ಣ, ನಾಳೆ ನಾನು ಫೇಲಾದ್ರೆ ನಿಮ್ಮನ್ನ ಕರಿಯೋಕೆ ಇಲ್ಲಿ ಇರೋದೂ ಇಲ್ಲ” ಎಂದಳು. ಪಾಪ, ಆ ಮಾತಿಗೆ ಇಲ್ಲ ಎನ್ನಲಾಗಲಿಲ್ಲ ಅವರಿಗೆ.

ತುದಿಯ ಹತ್ತಿರ ಒಂದು ಕಡಿದಾದ ಬಂಡೆ. ಎರಡೂ ಕಡೆ ಪ್ರಪಾತ. ಹಿಡಿದುಕೊಳ್ಳಲು ಒಂದು ಹಗ್ಗ. ಉಳಿದವರೆಲ್ಲ ಹತ್ತಿ ಹೋದರು.

ಗಣಪಣ್ಣ ಮಾತ್ರ ಅರ್ಧದಲ್ಲಿ ಬಂಡೆ ತಬ್ಬಿಕೊಂಡು ಕೂತುಬಿಟ್ಟರು! ಮುಖದಲ್ಲಿ ರಕ್ತವೇ ಇಲ್ಲ.

“ಆಗುದಿಲ್ಲ ತಂಗಿ... ನಂಗೆ ಎತ್ತರ ಅಂದ್ರೆ ಜೀವವೇ ಹೋಗ್ತದೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಈ ಗುಡ್ಡ ಹತ್ತಲಿಲ್ಲ ನಾನು.”

ಶಾರ್ಕ್ ಮೀನು ಪಕ್ಕದಲ್ಲಿ ಹಾದರೂ ಅಲುಗದ ಮನುಷ್ಯ! ಸಿಂಚನಾ ನಗಲಿಲ್ಲ. ಅವರ ಪಕ್ಕದಲ್ಲೇ ಕೂತಳು.

“ಅಣ್ಣ, ಮೊದ್ಲು ಉಸಿರು ಬಿಡಿ. ಉಸಿರು ಕಟ್ಕೊಂಡು ಕೂತಿದೀರ ನೀವು. ನಮ್ಮಜ್ಜಿ ಎಪ್ಪತ್ತು ದಾಟಿದ್ರೂ ಶ್ರಾವಣ ಶನಿವಾರ ತಿಮ್ಮಪ್ಪನ ಬೆಟ್ಟ ಹತ್ತೋರು. ಒಂದೊಂದು ಮೆಟ್ಲಿಗೂ ಗೋವಿಂದಾ ಅಂತ ಕೂಗ್ಬೇಕು. ಕೂಗಿದ್ರೆ ಉಸಿರು ಹೊರಗೆ ಬರ್ಲೇಬೇಕಲ್ಲ, ಹೆದರಿಕೆನೂ ಅದರ ಜೊತೆ ಹೊರಟೋಗುತ್ತೆ ಅನ್ನೋರು.”

ಒಂದು ಹೆಜ್ಜೆ... ಗೋವಿಂದಾ! ಇನ್ನೊಂದು ಹೆಜ್ಜೆ... ಗೋವಿಂದಾ!

ಕೊನೆಗೂ ತುದಿ ಮುಟ್ಟಿದರು. ಸುತ್ತ ನಾಲ್ಕು ದಿಕ್ಕಿಗೂ ಸಮುದ್ರ. ಗಣಪಣ್ಣ ಮಗುವಿನ ಹಾಗೆ ಅತ್ತರು.

“ಹನ್ನೆರಡು ವರ್ಷ ಇದ್ರ ಹೊಟ್ಟೆಯೊಳಗೇ ಓಡಾಡಿದೆ... ಇಷ್ಟು ಚಂದ ಉಂಟು ಅಂತ ಗೊತ್ತೇ ಇರ್ಲಿಲ್ಲ ತಂಗಿ.”

ಕಣ್ಣು ಒರೆಸಿಕೊಂಡವರೇ ತಟ್ಟನೆ ಅವಳ ಕಡೆ ತಿರುಗಿದರು.

“ಅಲ್ಲ ಮಾರಾಯ್ತಿ... ನಂಗೆ ಉಸಿರು ಬಿಡು ಅಂತ ಪಾಠ ಹೇಳಿದೆ. ನೀರೊಳಗೆ ನೀನು ಎಂತಕ್ಕೆ ಮೂಗು ಹಿಡ್ಕೊಂಡು ಕೂತ್ಕೊಳ್ತಿ?”

ಸಿಂಚನಾ ಮೂಗು ಹಿಡಿಯುವ ತನ್ನ ಎರಡು ಬೆರಳನ್ನೇ ನೋಡಿಕೊಂಡಳು.

ಸೋಮವಾರ ಬೆಳಿಗ್ಗೆ. ಆರು ಮೀಟರ್ ಆಳ. ಎದುರಿಗೆ ಗಣಪಣ್ಣ.

ಮಾಸ್ಕಿನೊಳಗೆ ನೀರು ತುಂಬಿತು. ಕಣ್ಣು ಉರಿಯಿತು. ಕೈ ತಾನಾಗಿಯೇ ಮೂಗಿನ ಹತ್ತಿರ ಬಂತು. ಬೆರಳು ಮೂಗು ಮುಟ್ಟಿಯೂ ಆಯಿತು.

ಅಜ್ಜಿ ನೆನಪಾದರು. ಕಲ್ಯಾಣಿಯ ಅಜ್ಜಿಯಲ್ಲ... ಬೆಟ್ಟದ ಅಜ್ಜಿ.

ಬೆರಳು ಸಡಿಲ ಮಾಡಿದಳು. ಮನಸ್ಸಿನಲ್ಲೇ ಗಟ್ಟಿಯಾಗಿ ಕೂಗಿದಳು... ಗೋವಿಂದಾ!

ಬಾಯಲ್ಲಿ ಪೈಪು, ಮಾತು ಎಲ್ಲಿಂದ ಬರಬೇಕು? ಮೂಗಿನಿಂದ “ಹ್ಮ್ಮ್ಮ್” ಅಂತ ಒಂದು ಸದ್ದು ಹೊರಟಿತು. ಜೊತೆಗೆ ಉಸಿರು. ಗುಳುಗುಳು ಗುಳ್ಳೆ. ನೀರು ಅರ್ಧ ಇಳಿಯಿತು.

ಇನ್ನೊಂದು ಗೋವಿಂದ... ಮಾಸ್ಕು ಪೂರ್ತಿ ಖಾಲಿ!

ಕಣ್ಣು ಬಿಟ್ಟಳು. ಎದುರಿಗೆ ಹವಳದ ತೋಟ, ಹಳದಿ ಮೀನಿನ ಹಿಂಡು... ಮತ್ತೆ ಬೆರಳಿನಲ್ಲಿ ಓಕೆ ಎಂದು ಸೊನ್ನೆ ತೋರಿಸುತ್ತಿದ್ದ ಗಣಪಣ್ಣ. ಆದರೆ ಇದೇನು, ಅವರ ಮಾಸ್ಕಿನೊಳಗೂ ನೀರು!

ಮೇಲೆ ಬಂದ ಮೇಲೆ ಕೇಳಿದಳು, “ಅಣ್ಣ, ನಿಮ್ಮ ಮಾಸ್ಕ್ ಲೀಕ್ ಆಗ್ತಿತ್ತಾ?”

“ಲೀಕ್ ಎಂತದ್ದು, ಕಣ್ಣೀರು ಮಾರಾಯ್ತಿ! ನಿನ್ನ ಗೋವಿಂದ ನಂಗೆ ನೀರೊಳಗೇ ಕೇಳ್ತು. ನಾನೂ ಒಂದು ಗೋವಿಂದ ಹಾಕಿಯೇ ಅದನ್ನ ಹೊರಗೆ ಹಾಕಿದ್ದು!”

ದಡಕ್ಕೆ ಬಂದವಳೇ ಒದ್ದೆ ಕೈಯಲ್ಲೇ ಊರಿಗೆ ಫೋನ್ ಮಾಡಿದಳು. ಅಮ್ಮನ ಮೊದಲ ಪ್ರಶ್ನೆ, “ಮೂಗು ಹಿಡ್ಕೊಂಡ್ಯೇನೇ?”

“ಇಲ್ಲಮ್ಮ... ಬಿಟ್ಟೆ. ಪಾಸಾದೆ!”

*ಇನ್ನೊಬ್ಬರಿಗೆ ನಾವು ಕೊಡುವ ಧೈರ್ಯ, ನಮ್ಮೊಳಗೆ ಮೊದಲೇ ಇರುತ್ತದೆ.*

ಬೇರೆಯವರಿಗೆ ಧಾರಾಳವಾಗಿ ಹೇಳುವ ಧೈರ್ಯದ ಮಾತನ್ನು ನಿಮಗೆ ನೀವೇ ಹೇಳಿಕೊಂಡು ಎಷ್ಟು ದಿನವಾಯಿತು?