ಸೆವ್ರಿನ್ ಬಾಯಿಯ ಹವಳ

ಸಮುದ್ರ ಸತ್ತ ಮೇಲೆ ಮಂಗಳೂರಿನಲ್ಲಿ ಹವಳ ಬದುಕಿದ್ದದ್ದು ಮನೆಗಳೊಳಗಿನ ಗಾಜಿನ ತೊಟ್ಟಿಗಳಲ್ಲಿ ಮಾತ್ರ. ಅದಕ್ಕಾಗಿ ಕೈಕಾಲು ಮುರಿಯುವುದು ಅಲ್ಲಿ ಹೊಸದೇನೂ ಆಗಿರಲಿಲ್ಲ. ಆ ಬೆಳಿಗ್ಗೆ ಸೆವ್ರಿನ್ ಬಾಯಿ ತೊಟ್ಟಿಯ ನೀರು ಬದಲಿಸಲು ಬಕೆಟ್ಟಿನಲ್ಲಿ ಉಪ್ಪು ಕದಡಿ ಮುಗಿಸಿದ್ದಳು. ಅಷ್ಟರಲ್ಲಿ ಮೇಲಿನ ಮನೆಯ ಪದ್ಮರಾಜ ಬಾಗಿಲು ಒದ್ದುಕೊಂಡು ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ಸರಳಿತ್ತು.

"ನಮ್ಮದೆಲ್ಲ ಬೆಳ್ಳಗಾಗಿ ಸತ್ತುಹೋಯ್ತು ಬಾಯಮ್ಮಾ. ನಿಮ್ಮದನ್ನು ಕೊಡಿ."

"ಒಂದು ಗೆಲ್ಲು ಮುರಿದು ಕೊಡ್ತೇನೆ."

"ನನಗೆ ಪೂರ್ತಿ ಬೇಕು."

ಅವಳು ಚೀಲದಲ್ಲಿ ಉಳಿದಿದ್ದ ಹಿಡಿ ಉಪ್ಪನ್ನು ಅವನ ಕಣ್ಣಿಗೆ ಎರಚಿದಳು. ಅವನು ಕುರುಡನಂತೆ ಸರಳು ಬೀಸಿದ. ಮೊದಲ ಏಟು ಅವಳ ಭುಜಕ್ಕೆ ಬಿತ್ತು, ಎರಡನೆಯದು ತೊಟ್ಟಿಗೆ. ಗಾಜು ಒಡೆದು ನೀರು, ಮೀನು, ಹವಳ ಎಲ್ಲ ನೆಲಕ್ಕೆ ಸುರಿದವು.

ಇಬ್ಬರೂ ಹೊಡೆದಾಟ ಬಿಟ್ಟು ಮಂಡಿಯೂರಿದರು. ಗಾಜಿನ ಚೂರುಗಳ ನಡುವಿನಿಂದ ಹವಳಗಳನ್ನು ಬರಿಗೈಯಲ್ಲಿ ಹೆಕ್ಕಿ ಬಕೆಟ್ಟಿಗೆ ಇಳಿಸಿದರು. ಇಬ್ಬರ ಅಂಗೈಗಳಿಂದಲೂ ರಕ್ತ ಸೋರುತ್ತಿತ್ತು.

ಕೊನೆಯ ತುಂಡು ನೀರಿಗಿಳಿದದ್ದೇ ತಡ, ಪದ್ಮರಾಜ ಬಕೆಟ್ಟಿನ ಹಿಡಿಗೆ ಕೈ ಹಾಕಿದ. ಸೆವ್ರಿನ್ ನೆಲದಲ್ಲಿ ಬಿದ್ದಿದ್ದ ಸರಳನ್ನು ಎತ್ತಿಕೊಂಡಳು.

"ಬಿಡು ಪದ್ಮರಾಜಾ."

"ಬಿಡುದಿಲ್ಲ."

ಅವಳು ಮಣಿಕಟ್ಟಿಗೆ ಹೊಡೆದಳು. ಮೂಳೆ ಮುರಿದ ಸದ್ದು ಕೇಳಿಸಿತು. ಆದರೂ ಅವನು ಬಿಡಲಿಲ್ಲ. ಅವಳು ಮತ್ತೊಮ್ಮೆ ಹೊಡೆದಳು.

ಗಂಡನ ಕೂಗು ಕೇಳಿ ಅವನ ಹೆಂಡತಿ ವಾರಿಜ ಮೆಟ್ಟಿಲಿಳಿದು ಓಡಿಬಂದಳು. ಉಪ್ಪುನೀರಿನಲ್ಲಿ ಕೈ ಅವುಚಿಕೊಂಡು ಹೊರಳಾಡುತ್ತಿದ್ದವನನ್ನು ದಾಟಿ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ಜೀವ ಉಂಟಾ ಬಾಯಮ್ಮಾ?" ಎಂದು ಹವಳವನ್ನೇ ನೋಡುತ್ತ ಕೇಳಿದಳು.