ಕಡಲೆ ತಿಂದ ಹಾಗೆ

ಕಾಫಿ ಗಿಡದ ಬುಡದಲ್ಲಿ ಮಾರಿ ದೊಪ್ಪನೆ ಬಿದ್ದು ಕೈಕಾಲು ಬಡಿಯತೊಡಗಿದಳು. ಕಣ್ಣು ಮೇಲಾಯಿತು, ಬಾಯಲ್ಲಿ ನೊರೆ ಬಂತು. ಕೊಯ್ಯುತ್ತಿದ್ದ ಹೆಂಗಸರು ಓಡಿಬಂದು ಅವಳ ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕಿದರು.

"ಗಾಳಿ ಸೋಕಿದೆ," ಎಂದಳೊಬ್ಬಳು.

ಗಾಳಿಯಲ್ಲ ಎಂಬುದು ಜೊತೆಗೆ ಕೊಯ್ಯುತ್ತಿದ್ದ ಕಮಲಜ್ಜಿಗೆ ಹೊಳೆಯಿತು. ಬೆಳಿಗ್ಗೆ ಮಾರಿ ಸೊಂಟ ಹಿಡಿದುಕೊಂಡು ನರಳಿದಾಗ, ಕ್ಯಾನ್ಸರಿನಲ್ಲಿ ತೀರಿಕೊಂಡ ಗಂಡನಿಗೆಂದು ತಂದು ಉಳಿದಿದ್ದ ಹತ್ತು ನೋವಿನ ಮಾತ್ರೆಯ ಪಟ್ಟಿಯನ್ನು ಅಜ್ಜಿಯೇ ಅವಳ ಕೈಗೆ ಹಾಕಿದ್ದಳು.

"ಎಷ್ಟು ನುಂಗ್ಬೇಕು ಅಜ್ಜಿ?"

"ಎಷ್ಟಾ? ನನ್ನ ಸೊಂಟ ಮುರಿದು ಎರಡಾದಾಗ ಹತ್ತನ್ನೂ ಕಡಲೆ ತಿಂದ ಹಾಗೆ ತಿಂದಿದ್ದೆ ಮಾರಾಯ್ತಿ! ಆಮೇಲೆ ತೋಟಕ್ಕೆ ನುಗ್ಗಿದ ಆನೆಯನ್ನು ಬಾಲ ಹಿಡಿದು ಎಳ್ಕೊಂಡು ಹೋಗಿ ಹೊಳೆಯಾಚೆ ಬಿಟ್ಟು ಬಂದೆ. ಹೋಗು, ನಿನ್ನದೂ ಒಂದು ಸೊಂಟವಾ!"

ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮಾರಿಯೂ ನಕ್ಕಿದ್ದಳು. ಆನೆಯನ್ನು ಅವಳು ನಂಬಿರಲಿಲ್ಲ, ಮಾತ್ರೆಯನ್ನು ನಂಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮಾರಿಯ ಎದೆಗೆ ವಯರು ಅಂಟಿಸಿ ಪರದೆ ನೋಡಿದರು. ಗೆರೆ ಒಮ್ಮೆ ಬೆದರಿದ ಕುದುರೆಯಂತೆ ಓಡಿ, ಒಮ್ಮೆ ಮುಗ್ಗರಿಸುತ್ತಿತ್ತು.

"ಬಡಿತ ತಪ್ತಾ ಉಂಟು. ಎಂತ ತಿಂದಿದ್ದಾರೆ?"

"ನನ್ನ ಗಂಡನ ನೋವಿನ ಮಾತ್ರೆ," ಎಂದಳು ಅಜ್ಜಿ. "ಹತ್ತು."

ಜೀಪಿನಲ್ಲಿ ಕರೆತಂದಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಧರ್ಮಪಾಲ ತಲೆಯಾಡಿಸಿದ. "ಡಾಕ್ಟ್ರೇ, ಈ ಅಜ್ಜಿ ಇಲಿ ಕಂಡ್ರೂ ಹುಲಿ ಅಂತದೆ. ಹತ್ತು ಅಂದ್ರೆ ಒಂದು ಅಂತ ತಿಳ್ಕೊಳ್ಳಿ."

"ಕಾವೇರಮ್ಮನಾಣೆ, ಹತ್ತೇ! ನಂಬಿ ಡಾಕ್ಟ್ರೇ!"

ನಂಬಿ ಎಂದು ಅಜ್ಜಿ ಅದುವರೆಗೆ ಯಾರನ್ನೂ ಬೇಡಿದವಳಲ್ಲ. ಮಾರಿಯ ಸೆರಗಿನ ಗಂಟು ಬಿಚ್ಚಿ ಪಟ್ಟಿ ತೆಗೆದಳು. ಒಂದು ಗೂಡಿನಲ್ಲೂ ಮಾತ್ರೆ ಇರಲಿಲ್ಲ. ಡಾಕ್ಟರು ಅದನ್ನು ಕಿತ್ತುಕೊಂಡವರೇ ನರ್ಸನ್ನು ಕೂಗಿದರು. "ಹೆಚ್ಚಾದ್ರೆ ಇದು ವಿಷ ಅಜ್ಜಿ. ಫಿಟ್ಸ್ ಬಂದದ್ದೂ ಇದ್ರಿಂದಲೇ, ಹೃದಯ ಹೀಗೆ ಆಡ್ತಿರುವುದೂ ಇದ್ರಿಂದಲೇ."

ಮರುದಿನ ಮಾರಿ ಕಣ್ಣು ತೆರೆದಳು. ಮಂಚದ ಬದಿಯಲ್ಲಿ ಮುದುಡಿ ಕೂತಿದ್ದ ಅಜ್ಜಿಯನ್ನು ಕಂಡು ಅವಳಿಗೇ ನಾಚಿಕೆಯಾಯಿತು.

"ಹತ್ತು ತಿಂದ್ರೂ ನಿಮಗೆ ಎಂತದೂ ಆಗ್ಲಿಲ್ಲಲ್ಲಾ ಅಜ್ಜಿ. ನನ್ನ ಜೀವವೇ ಗಟ್ಟಿ ಇಲ್ಲ."

ಅಜ್ಜಿ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಾನು ಒಂದೂ ತಿಂದಿರ್ಲಿಲ್ಲ ಮಗಾ."

ಮಾರಿಯ ಒಣಗಿದ ತುಟಿ ಅರಳಿತು. "ನಗಿಸ್ಬೇಡಿ ಅಜ್ಜಿ, ಎದೆ ನೋಯ್ತದೆ."